ಹೆಸರಿನ ತನಕ ಬರದ ಒಡಪು

ಆ ರವಿವಾರ ಮಧ್ಯಾಹ್ನ ಪುಣೆಯ ಕೋಥರೂಡದ ಅಣ್ಣನ ಮನೆಯ ಹಾಲಿನಲ್ಲಿ ಯಾರ್ಯಾರು ಕೂತಿದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಅಜ್ಜಿ ಕಥೆ ಹೇಳುವಾಗ ಮೊದಲು ಮಂದಿಯನ್ನು ಕೂಡಿಸುತ್ತಿದ್ದಳು, ಆಮೇಲೆ ಮಾತು ಆಡಿಸುತ್ತಿದ್ದಳು. ಸೋಫಾದ ಮೇಲೆ ಶಿರೂರಿನಿಂದ ಬಂದ ಬೀಗರು, ಗಂಡ ಹೆಂಡತಿ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ ವ್ಯಾಪಾರದವರು, ಮರಾಠಿ ಮಾತಿನವರು. ಅವರ ಪಕ್ಕಕ್ಕೆ ಸೋಫಾವನ್ನೇ ಜಮಖಾನೆ ಮಾಡಿಕೊಂಡು ಕಾಲು ಮಡಚಿ ಕೂತವಳು ಬೀಗಿತ್ತಿಯ ಅಕ್ಕ, ಎಲ್ಲರ ಬಾಯಲ್ಲೂ ಮಾವಶಿ. ಎದುರಿಗೆ ಕುರ್ಚಿಯಲ್ಲಿ ಅಣ್ಣ. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ನಮ್ಮ ಸೋದರತ್ತಿ, ಅಂದರೆ ನಮ್ಮಪ್ಪನ ಅಕ್ಕ; ನಾನು ಇವತ್ತು ಆಡುವ ಕನ್ನಡದಲ್ಲಿ ಅರ್ಧ ಆಕೆಯ ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡದ್ದು. ಅಡಿಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಾನು, ಅಣ್ಣನ ತಂಗಿ, ಬದಿಯ ಓಣಿಯವಳು. ನನ್ನ ಹಿಂದೆ ಅಣ್ಣನ ಮಗಳು, ಮದುವೆಯ ಹುಡುಗಿ. ವರ ಬಂದಿರಲಿಲ್ಲ. ಅವನೂ ನಮ್ಮ ಹುಡುಗಿಯೂ ಚಿಂಚವಾಡದ ಒಂದೇ ಕಾರ್ಖಾನೆಯಲ್ಲಿ ಇಂಜಿನಿಯರುಗಳು, ತಾವೇ ಒಪ್ಪಿಕೊಂಡವರು. ದೊಡ್ಡವರು ಕೂತು ಚಹಾ ಕುಡಿಯುವುದಷ್ಟೇ ಬಾಕಿ ಇತ್ತು.

ಇನ್ನೊಬ್ಬರು ವೈನಿ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಆಕೆ ಅವಲಕ್ಕಿಯ ತಟ್ಟೆಗಳನ್ನು ಕೊಟ್ಟು ಬೀಗಿತ್ತಿಯ ಹತ್ತಿರ ಬಂದು ಕೂತಳು.

ಮಾತು ಕೂಡಿತು. ತಾರೀಖು ನೋಡಿದ್ದಾಯಿತು. ಆಗ ಮಾವಶಿ ತಟ್ಟೆ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಒಂದು ಉಖಾಣಾ ಒಗೆದಳು. ಅವಲಕ್ಕಿಯ ಮೇಲಿನ ನಿಂಬೆಹಣ್ಣನ್ನೂ ತನ್ನ ಗಂಡನ ಸಿಟ್ಟನ್ನೂ ಒಂದೇ ಸಾಲಿನಲ್ಲಿ ಹಿಂಡಿ, ಕೊನೆಗೆ ಗಂಡನ ಹೆಸರು ತಂದು ಕೂಡಿಸಿದಳು. ಎಲ್ಲರೂ ನಕ್ಕರು. ನಕ್ಕದ್ದು ಮುಗಿಯುವ ಮೊದಲೇ ಆಕೆ ವೈನಿಯ ಮಂಡಿ ತಟ್ಟಿ, ಈಗ ನಿಮ್ಮದು ಅಂದಳು.

ತಿಳಿಯದವರಿಗೆ ಹೇಳಬೇಕು. ಗಂಡನ ಹೆಸರನ್ನು ಹೆಂಡತಿ ಸುಮ್ಮನೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆ, ಬಸುರಿಯ ಕುಬಸ, ಹೊಸಮನೆ, ಇಂಥ ಹೊತ್ತಿನಲ್ಲಿ ಹೆಂಗಸರು ಅಡ್ಡಗಟ್ಟಿ ಹೆಸರು ಹೇಳು ಅಂತ ಕಾಡಿದಾಗ, ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಿದ್ದಳು. ಮರಾಠಿಯವರಿಗೆ ಅದು ಉಖಾಣಾ, ನಮಗೆ ಒಡಪು. ಈಗ ಹೆಚ್ಚಿನವರು ಫೋನಿನಲ್ಲಿ ನೋಡಿ ಓದುತ್ತಾರೆ. ನಮ್ಮ ವೈನಿ ಹಾಗಲ್ಲ. ಎದುರಿಗೆ ಏನಿದೆಯೋ ಅದನ್ನೇ ಹಿಡಿದು, ನಿಂತ ಕಾಲ ಮೇಲೆ ಕಟ್ಟುವವಳು. ಈ ಮನೆಯ ವಾಸ್ತುಶಾಂತಿಯಲ್ಲಿ ಆಕೆ ಹೇಳಿದ್ದು ಇವತ್ತಿಗೂ ಪುಣೆಯ ನಮ್ಮ ನೆಂಟರ ಬಾಯಲ್ಲಿದೆ:

ಕೋಥರೂಡದ ನಳದಾಗ ನೀರು ಬರ್ತದ ಹನಿ ಹನಿ,
ತುಂಬೂತನಕ ಕೂಡ ನಿಂತವರು ನಮ್ಮವರು, ಅದಕ್ಕ ಇದು ಮನಿ.

ನಮ್ಮವರು ಅಂತ ನಾನು ಬರೆದ ಜಾಗದಲ್ಲಿ ಆಕೆ ಅಣ್ಣನ ಹೆಸರು ಹೇಳಿದ್ದಳು. ಹೆಸರು ಹೇಳುವ ಹಕ್ಕು ಆಕೆಯದು, ನಾನು ಬರೆಯುವುದಿಲ್ಲ.

ಅಂಥ ವೈನಿ ಆ ದಿನ ಬಾಯಿ ತೆರೆದಳು, ಮುಚ್ಚಿದಳು. ಕೈಯಲ್ಲಿದ್ದ ಚಮಚೆಯನ್ನು ನೋಡಿದಳು. ಕೊನೆಗೆ, "ಲಗ್ನದಾಗ ಹೇಳ್ತೀನ್ರೀ" ಅಂದು ಒಳಗೆ ಎದ್ದು ಹೋದಳು. ನಾನು ಹಿಂದೆ ಹೋದಾಗ ಸಿಂಕಿನ ನಳ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ.

ಬೀಗರು ಹೋದ ಮೇಲೆ ಸೋದರತ್ತಿ ಬಾಯಿ ಬಿಟ್ಟಳು. ಶಿರೂರಿನ ಉಳ್ಳಾಗಡ್ಡಿಯವಳು ಬಂದು ನಮ್ಮ ಹಾಲಿನಲ್ಲಿ ಗೆದ್ದು ಹೋದಳು, ನಮ್ಮವಳ ನಾಲಿಗೆ ಚಮಚೆ ನೋಡುತ್ತ ಕೂತಿತು ಅಂತ ನಗುತ್ತಲೇ ಚುಚ್ಚಿದಳು. ಆಮೇಲೆ ದನಿ ಇಳಿಸಿ, "ಅವನ್ನ ನುಂಗಿ ನುಂಗಿ ಶಾರದಾನ್ನ ಓಡಿಸಿಬಿಟ್ರಿ" ಅಂದಳು.

ಶಾರದಾ ಅಂದರೆ ನಾಲಿಗೆಯ ಮೇಲಿನ ಸರಸ್ವತಿ, 'ಅವು' ಅಂದರೆ ಗುಳಿಗೆಗಳು. ಅಣ್ಣನ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಮಗಳು ಸಣ್ಣವಳಿದ್ದಾಗ ವೈನಿಗೆ ಒಮ್ಮೆ ಭಾರೀ ಆರಾಮ ತಪ್ಪಿತ್ತು. ಮೊದಲು ನಿದ್ದೆ ಇಲ್ಲದೆ ದಿನಗಟ್ಟಲೆ ಹಾಡು, ನಗು, ಮಾತು. ಭಾಂಡೆ ಮಾರುವವಳನ್ನು ಕರೆದು ಮನೆಯ ಪಾತ್ರೆಯನ್ನೆಲ್ಲ ಆಕೆಗೇ ಉಡಿ ತುಂಬಿ ಕಳಿಸಿದ್ದಳು. ಆಮೇಲೆ ಪಾತಾಳ. ತಿಂಗಳುಗಟ್ಟಲೆ ತಲೆ ಬಾಚಿಕೊಳ್ಳುವುದಕ್ಕೂ ಏಳಲಿಲ್ಲ. ದವಾಖಾನೆ ಆಯಿತು, ಏರಿಳಿತದ ಆ ಕಾಯಿಲೆಗೆ ಡಾಕ್ಟರು ಒಂದು ಇಂಗ್ಲಿಷ್ ಹೆಸರು ಹೇಳಿದರು, ರಾತ್ರಿ ಊಟವಾದ ಮೇಲೆ ಗುಳಿಗೆ ಶುರುವಾಯಿತು. ಅಂದಿನಿಂದ ಅಣ್ಣ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದ: "ಊಟ ಆತೇನು?" ಆಕೆ, "ಆತ್ರಿ" ಅನ್ನುವಳು. ಗುಳಿಗೆ ನುಂಗಿದೆಯಾ, ನುಂಗಿದೆ ಅನ್ನುವುದೆಲ್ಲ ಅದರಲ್ಲೇ ಬಂತು. ಬಂದ ನೆಂಟರಿಗೆ, ನೋಡು ಹೆಂಡತಿಯ ಊಟದ ಮೇಲೆ ಎಷ್ಟು ಕಾಳಜಿ ಅನ್ನಿಸುತ್ತಿತ್ತು.

ವೈನಿಗೆ ಒಂದೇ ಭಯ ಇತ್ತು, ನನಗೆ ಎಷ್ಟೋ ಸಲ ಹೇಳಿದ್ದಳು. ಗುಳಿಗೆ ನುಂಗಿದರೆ ಮನೆ ನಡೆಯುತ್ತದೆ, ಒಡಪು ನಡೆಯುವುದಿಲ್ಲ. ಬಿಟ್ಟರೆ ಒಡಪು ಬರುತ್ತದೆ, ತಾನು ಉಳಿಯುವುದಿಲ್ಲ. ಹಾಗಾದರೆ ಜನ ಮೆಚ್ಚಿದ ಆ ಮಾತುಗಳು ತನ್ನವೋ, ಕಾಯಿಲೆಯವೋ? ನಾನು ಏನೋ ಹೇಳಿ ತೇಲಿಸುತ್ತಿದ್ದೆ.

ಬೀಗರು ಬಂದು ಹೋದ ವಾರದಲ್ಲೇ ವೈನಿ ಒಪ್ಪತ್ತು ಹಿಡಿದಳು. ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ. ಕುಲದೇವರಿಗೆ ಬೇಡಿಕೊಂಡಿದ್ದೇನೆ ಅಂದಳು. ಸೋದರತ್ತಿಗೆ ಆನಂದವೋ ಆನಂದ. ಈ ಕಾಲದಲ್ಲಿ ಯಾರು ಹಿಡಿಯುತ್ತಾರೆ ಅಂತ ಸೊಸೆಯನ್ನು ಹೊಗಳಿ ಊರಿಗೆಲ್ಲ ಫೋನು ಮಾಡಿದಳು. ನಮ್ಮ ಮನೆತನದಲ್ಲಿ ವ್ರತ ಹಿಡಿದವರನ್ನು ಯಾಕೆ ಅಂತ ಕೇಳುವ ಪದ್ಧತಿ ಇಲ್ಲ. ಹಸಿದ ಹೊಟ್ಟೆಯಲ್ಲಿ ಗುಳಿಗೆ ನುಂಗಬಾರದು ಅನ್ನುವುದೂ ನಮ್ಮ ಮನೆತನದ ಕಾಯಿದೆಯೇ. ರಾತ್ರಿಯ ಊಟ ನಿಂತಿತು. ಊಟ ನಿಂತ ಮೇಲೆ, ಊಟ ಆತೇನು ಅಂತ ಅಣ್ಣ ಹೇಗೆ ಕೇಳಿಯಾನು? ಕೇಳುವುದೂ ನಿಂತಿತು. ಮದುವೆಯ ಗದ್ದಲ ಬೇರೆ. ಅಣ್ಣನಿಗೆ ಮದುವೆಯ ಕಾರ್ಯಾಲಯ, ಅಡಿಗೆಯ ಆಚಾರಿ, ಬಸ್ಸು. ನನಗೆ ಸೀರೆ, ಕುಪ್ಪಸ. ಒಬ್ಬರಿಗೂ ಹೊಳೆಯಲಿಲ್ಲ.

ಸ್ವಲ್ಪ ದಿನಕ್ಕೆ ವೈನಿ ಅರಳಿದಳು. ಆ ಶಬ್ದವೇ ಸರಿ. ಎಷ್ಟೋ ವರ್ಷದಿಂದ ಮೆಲ್ಲಗೆ ನಡೆಯುತ್ತಿದ್ದವಳು ಮೆಟ್ಟಿಲು ಓಡಿ ಇಳಿಯತೊಡಗಿದಳು. ಹಾಲಿನವನಿಗೆ ಒಂದು ಒಡಪು, ವಾಚಮನ್ನನಿಗೆ ಒಂದು, ಕೆಟ್ಟ ಲಿಫ್ಟಿಗೆ ಒಂದು. ಸೊಸಾಯಟಿಯ ಹೆಂಗಸರು ಅರ್ಥವಾಗದಿದ್ದರೂ ನಕ್ಕು ಮರಾಠಿಯಲ್ಲಿ ಮತ್ತೊಮ್ಮೆ ಹೇಳಿಸುತ್ತಿದ್ದರು, ಆಕೆ ಮರಾಠಿಯಲ್ಲೂ ಅಷ್ಟೇ ಲಗು ಕಟ್ಟುವಳು. ಚಕ್ಕುಲಿಯ ಡಬ್ಬಿಗಳು ತುಂಬಿ ಬಕೀಟುಗಳಿಗೆ ಬಂದವು. ನಾನು ಬೆಳಿಗ್ಗೆ ಹಾಲು ತರಲು ಹೊರಟಾಗ ಆಕೆ ಸ್ನಾನ, ಪೂಜೆ ಮುಗಿಸಿ ನಮ್ಮ ಬಿಲ್ಡಿಂಗಿನ ಮುಂದೆಯೂ ರಂಗೋಲಿ ಹಾಕಿ ಮುಗಿಸಿರುತ್ತಿದ್ದಳು. ಮದುವೆಮನೆ ಅಂದರೆ ಹೀಗಿರಬೇಕು ಅಂದೆವು. ಸೋದರತ್ತಿಯಂತೂ ದೃಷ್ಟಿ ತೆಗೆದಳು. ಶಾರದೆ ತಿರುಗಿ ಬಂದಿದ್ದಾಳೆ, ಈಗ ಶಿರೂರಿನವಳು ಎದುರಿಗೆ ಬರಲಿ ಅಂದಳು. ಮಗಳು ಮಾತ್ರ, "ಆತ್ಯಾ, ಅವ್ವ ಭಾಳ ಜೋರಾಗಿ ಮಾತಾಡ್ಲಿಕತ್ತಾಳ ಅಲ್ಲಾ?" ಅಂತ ನನ್ನನ್ನು ಕೇಳಿದ್ದಳು. ಸೋದರತ್ತಿ ಅದನ್ನು ಕೇಳಿಸಿಕೊಂಡು, ಲಗ್ನದ ಹುಡುಗಿ ಮೆಹಂದಿ ನೋಡಿಕೊಂಡು ಕೂಡಬೇಕು, ಅವ್ವನ ಬಾಯಿ ನೋಡಬಾರದು ಅಂತ ಬೈದು ಕಳಿಸಿದಳು.

ಲಗ್ನ ಚಿಂಚವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ. ಮುಹೂರ್ತ ಚೆನ್ನಾಗಿ ಆಯಿತು, ಅಕ್ಷತೆ ಬಿತ್ತು. ಊಟದ ಪಂಕ್ತಿ ಕೂತಿತು. ಹೊಸ ಗಂಡ ಹೆಂಡತಿ ಒಬ್ಬರ ಬಾಯಿಗೊಬ್ಬರು ಜಿಲೇಬಿ ಇಟ್ಟು ಹೆಸರು ಹೇಳಿದರು; ನಮ್ಮ ಹುಡುಗಿ ಫೋನು ನೋಡಿ ಓದಿದಳು, ಎಲ್ಲರೂ ಬೈದರು. ಆಮೇಲೆ ಹಳೆಯ ಜೋಡಿಗಳ ಸರದಿ. ಮಾವಶಿ ಎದ್ದು ಒಂದು ಹೇಳಿದಳು. ಚಪ್ಪಾಳೆ ಬಿತ್ತು. ನಮ್ಮ ಕಡೆಯವರು ವೈನಿಯನ್ನು ನೂಕಿದರು. ಅಣ್ಣ ಪಕ್ಕದಲ್ಲಿ ಜಿಲೇಬಿ ಹಿಡಿದು ನಿಂತ, ಹೆಸರು ಬಂದ ಕೂಡಲೇ ಬಾಯಿಗಿಡಬೇಕು.

ಮೊದಲಿನ ಎರಡು ಸಾಲಿಗೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಾಕ, ಪಾಕದಷ್ಟೇ ಅಂಟಿನ ಬೀಗರು, ಬೀಗರ ಉಳ್ಳಾಗಡ್ಡಿ. ಈಗ ಹೆಸರು ಬರಬೇಕು. ಬರಲಿಲ್ಲ. ಉಳ್ಳಾಗಡ್ಡಿಯಿಂದ ಹೆರಳಿಗೆ, ಹೆರಳಿನಿಂದ ಮರಳಿಗೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ಹೋಳಿಗೆಗೆ. ಪ್ರತಿ ಸಲ ಸ್ವರ ಏರಿ ಹೆಸರಿನ ಹೊಸ್ತಿಲಿಗೆ ಬರುವಳು, ಅಣ್ಣ ಜಿಲೇಬಿ ಮುಂದೆ ಮಾಡುವನು, ಆಕೆ ಇನ್ನೊಂದು ಪ್ರಾಸ ಹಿಡಿದು ಬೇರೆ ಕಡೆ ಓಡುವಳು. ಗಂಡನಿಗೆ ಆಟ ಆಡಿಸುತ್ತಿದ್ದಾಳೆ ಅಂತ ಮಂದಿಗೆ ಇನ್ನೂ ಖುಷಿ. ಮೊಬೈಲುಗಳು ಮೇಲೆದ್ದವು. ಹೆಸರು, ಹೆಸರು ಅಂತ ತಾಳ ಹಾಕತೊಡಗಿದರು. ವೈನಿ ಕುರ್ಚಿ ಹತ್ತಿ ನಿಂತಳು. ಈಗ ಸಾಲಿಗೆ ಅರ್ಥ ಇರಲಿಲ್ಲ. ಕಂಬ, ಕುಂಬಳ, ಅಂಬ, ಜಂಬ. ಶಬ್ದ ಶಬ್ದವನ್ನು ಎಳೆದುಕೊಂಡು ಬರುತ್ತಿತ್ತು. ನಾನೂ ನಗುತ್ತಿದ್ದೆ. ನಗುತ್ತಲೇ ಆಕೆಯ ಮುಖ ನೋಡಿದೆ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಕಣ್ಣು ಅಣ್ಣನ ಮೇಲೇ ಇತ್ತು. ಪ್ರವಾಹದಲ್ಲಿ ಬಿದ್ದವರು ದಂಡೆಯ ಮೇಲಿನ ಗಿಡವನ್ನು ನೋಡುವಂತೆ ನೋಡುತ್ತಿದ್ದಳು. ಈಕೆ ಹೆಸರನ್ನು ಬಚ್ಚಿಟ್ಟುಕೊಂಡು ಆಡಿಸುತ್ತಿಲ್ಲ, ಹೆಸರಿಗೆ ಬಂದು ನಿಲ್ಲಲಿಕ್ಕೆ ಈಕೆಗೆ ಆಗುತ್ತಿಲ್ಲ.

ನಗುವುದನ್ನು ಎಲ್ಲರಿಗಿಂತ ಮೊದಲು ನಿಲ್ಲಿಸಿದವಳು ಮಾವಶಿ. ತಾಳ ಹಾಕುತ್ತಿದ್ದ ತಮ್ಮ ಹುಡುಗರ ಕೈ ಹಿಡಿದು ಇಳಿಸಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಮರಾಠಿಯಲ್ಲಿ ಕೇಳಿದಳು: ಇವರು ಮಲಗಿ ಎಷ್ಟು ದಿನವಾಯಿತು? ನನಗೆ ಉತ್ತರ ಗೊತ್ತಿರಲಿಲ್ಲ. ಎಲೆಗಳ ನಡುವೆ ದಾರಿ ಮಾಡಿಕೊಂಡು ಕುರ್ಚಿಯ ಕಡೆ ಹೊರಟೆ.

ಅಣ್ಣನಿಗೂ ಆ ಹೊತ್ತಿಗೆ ತಿಳಿದಿರಬೇಕು. ಜಿಲೇಬಿಯನ್ನು ಯಾರದೋ ಎಲೆಯಲ್ಲಿ ಇಟ್ಟ. ಕುರ್ಚಿಯ ಹತ್ತಿರ ಹೋಗಿ ಆಕೆಯ ಕೈ ಹಿಡಿದುಕೊಂಡ. "ಸಾಕು, ಇಳಿ. ಹೆಸರು ನಾನ ಹೇಳ್ತೀನಿ" ಅಂದು ಇಡೀ ಪಂಕ್ತಿಯ ಎದುರಿಗೆ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ, ತನ್ನ ಹೆಸರನ್ನು ತಾನೇ ಹೇಳಿದ. ಕೆಲವರು ಅದಕ್ಕೂ ನಕ್ಕರು. ವೈನಿ ಕುರ್ಚಿಯಿಂದ ಇಳಿದಳು, ಮಾತು ಮಾತ್ರ ನಿಲ್ಲಲಿಲ್ಲ. ಅಣ್ಣನ ಹೆಸರಿಗೇ ಪ್ರಾಸ ಹಚ್ಚಿ ಮುಂದೆ ಹೊರಟಳು.

ಮಗಳನ್ನು ಬೀಳ್ಕೊಡುವ ಹೊತ್ತಿಗೆ ನಾವು ದವಾಖಾನೆಯಲ್ಲಿದ್ದೆವು. ಕಾರಿನಲ್ಲಿ ವೈನಿಯ ಒಂದು ಕಡೆ ನಾನು, ಇನ್ನೊಂದು ಕಡೆ ಮಾವಶಿ. ಕರೆಯದೆಯೇ ಹತ್ತಿ ಕೂತಿದ್ದಳು. ನಮ್ಮವರು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕಾದದ್ದೆಲ್ಲ ಬೀಗರ ಎದುರು ಬಯಲಾಯಿತಲ್ಲ ಅಂತ ನಾನು ಮಾವಶಿಯ ಕಡೆ ತಿರುಗಿ ನೋಡಲಿಲ್ಲ. ಆಕೆ ಕಿಟಕಿಯ ಹೊರಗೆ ನೋಡುತ್ತ, ತನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿಗೂ ಹೀಗೇ ಆಗುತ್ತಿತ್ತು, ಆಗ ಊರವರು ಮೈಮೇಲೆ ದೇವರು ಬಂತೆಂದು ಕಾಯಿ ಒಡೆಯುತ್ತಿದ್ದರು ಅಂದಳು.

ದವಾಖಾನೆಯಲ್ಲಿ ವೈನಿ ಬಹಳ ದಿನ ಇರಬೇಕಾಯಿತು. ಮಾತು ಇಳಿದು, ನಿದ್ದೆ ಬಂದು, ನಮ್ಮ ಗುರುತಿನ ದನಿ ತಿರುಗಿ ಬಂದ ಮೇಲೆ ಡಾಕ್ಟರು ನಮ್ಮನ್ನು ಕರೆದರು. ಕನ್ನಡಕದ ಹೆಂಗಸು, ಮರಾಠಿ ಮಾತಿನವರು, ಅವಸರವಿಲ್ಲದವರು. ಅಣ್ಣ, ವೈನಿ, ನಾನು ಕೂತೆವು. ಗುಳಿಗೆ ತಪ್ಪಿದ್ದು ಹೇಗೆ ಅಂತ ಕೇಳಿದರು. ಅಣ್ಣ ಒಪ್ಪತ್ತಿನ ವಿಷಯ ಹೇಳಿದ. ವ್ರತದ ಗದ್ದಲದಲ್ಲಿ ಮರೆತು ಹೋಯಿತು, ತಪ್ಪು ನನ್ನದು, ನಾನು ಕೇಳಬೇಕಾಗಿತ್ತು ಅಂದ.

ವೈನಿ ಸೆರಗಿನ ಅಂಚು ಹಿಸುಕುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. "ಮರತಿಲ್ಲರೀ. ಬೇಕಂತನ ಬಿಟ್ಟೆ. ಬಿಡಲಿಕ್ಕಂತನ ಒಪ್ಪತ್ತು ಹಿಡದೆ."

ಅಣ್ಣ ಆಕೆಯ ಕಡೆ ತಿರುಗಿದ. "ದೇವರ ಹೆಸರಲೆ?"

"ದೇವರ ಹೆಸರು ಹೇಳಿದ್ರ ನೀವು ಕೇಳೂದಿಲ್ಲಂತ ಗೊತ್ತಿತ್ತು."

ಮೂವತ್ತು ವರ್ಷ ಜೊತೆಗಿದ್ದ ಗಂಡ, ಊಟ ಆತೇನು ಅನ್ನುವ ಮರೆಯಲ್ಲಿ ಎಲ್ಲವನ್ನೂ ಕೇಳಿದೆನೆಂದುಕೊಂಡವನು. ಆಕೆ ಅದೇ ಮರೆಯಲ್ಲಿ ಅಡಗಿ ಕೂತಿದ್ದಳು. ನಾವು ಕೈಮುಗಿದು ನೋಡಿದ ವ್ರತ ಅದು. ಸೋದರತ್ತಿ ಊರಿಗೆಲ್ಲ ಫೋನು ಮಾಡಿದ ವ್ರತ.

ಡಾಕ್ಟರು ಬೈಯಲಿಲ್ಲ. ಯಾಕೆ ಅಂತ ಕೇಳಿದರು. ವೈನಿ ಮರಾಠಿಯಲ್ಲಿ ಹೇಳತೊಡಗಿ, ನಡುವೆ ಕನ್ನಡಕ್ಕೆ ಜಾರಿ, ನಾನು ತಿಳಿಸಿ ಹೇಳಬೇಕಾಯಿತು. ಬೀಗರೆದುರು ಬಾಯಿ ಒಣಗಿ ಕೂತದ್ದು, ತನ್ನ ಹತ್ತಿರ ಇದ್ದದ್ದು ಅದೊಂದೇ ಅನ್ನುವುದು. ಮೊದಲಿನ ನಾಲ್ಕು ದಿನ ಬಹಳ ಚಂದ ಇತ್ತಂತೆ, ಸುಳ್ಳು ಯಾಕೆ ಹೇಳಲಿ ಅಂದಳು. ಆಮೇಲೆ ಬಾಣಲೆಯಲ್ಲಿ ಜೋಳದ ಅಳ್ಳು ಸಿಡಿದಂತೆ ಶಬ್ದ ಸಿಡಿಯತೊಡಗಿದವು, ಹಿಡಿಯುವಷ್ಟರಲ್ಲಿ ಇನ್ನೊಂದು, ಬೆಂಕಿ ಆರಿಸೋಣವೆಂದರೆ ಒಲೆ ಎಲ್ಲಿದೆಯೋ ಸಿಗಲಿಲ್ಲ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇಂಥ ಕಾಯಿಲೆ ಇರುವ ಮನೆತನಗಳಲ್ಲಿ ಚುರುಕು ನಾಲಿಗೆಯವರು, ಹಾಡುವವರು, ಚಿತ್ರ ಬರೆಯುವವರು ಕಾಣುತ್ತಾರೆ ಅನ್ನುವ ಮಾತು ಇದೆ, ಅದನ್ನು ಪೂರಾ ತೆಗೆದುಹಾಕಲಿಕ್ಕೆ ಬರುವುದಿಲ್ಲ. ಆದರೆ ಜನ ಕಥೆ ಹೇಳುವುದು ಹುಚ್ಚಿನಲ್ಲಿ ಚಿತ್ರ ಬರೆದವನದ್ದು. ಹಾಸಿಗೆ ಹಿಡಿದು ಒಂದು ಗೆರೆಯನ್ನೂ ಎಳೆಯದೆ ಕಳೆದ ವರ್ಷಗಳ ಕಥೆ ಯಾರೂ ಹೇಳುವುದಿಲ್ಲ. ಕಾಯಿಲೆ ಸಾಮಾನು ತಂದು ಸುರಿಯಬಹುದು, ಅಡಿಗೆ ಮಾಡುವುದಿಲ್ಲ. ಇನ್ನೊಂದು ಮಾತೂ ಅಂದರು. ಗುಳಿಗೆಯಿಂದ ಮಾತು ಮಂದವಾಗುತ್ತದೆ ಅನ್ನುವುದು ಸುಳ್ಳಲ್ಲ, ಕೆಲವರಿಗೆ ಆಗುತ್ತದೆ, ಅದನ್ನು ತಮಗೆ ಹೇಳಬೇಕು, ಪ್ರಮಾಣ ಬದಲಿಸಿ ನೋಡಲಿಕ್ಕೆ ಬರುತ್ತದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ ವೈನಿ, ಒಡಪಿನ ಮಾತು ಡಾಕ್ಟರ ಮುಂದೆ ಆಡುವಂಥದ್ದೇ ಅಂದಳು.

ಮನೆಗೆ ಬಂದ ಮೇಲೆ ಇಳಿತ ಶುರುವಾಯಿತು. ಹೀಗೆ ಆಗಬಹುದು ಅಂತ ಡಾಕ್ಟರು ಎಚ್ಚರಿಸಿದ್ದರು. ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗುಳಿಗೆ ಕೊಟ್ಟರೆ ನುಂಗುವಳು, ಅನ್ನ ಕಲಸಿ ಕೊಟ್ಟರೆ ಉಣ್ಣುವಳು. ಮಗಳು ಬಂದರೂ ಆ ಕಡೆಗೇ ಮುಖ. ಅಣ್ಣ ಮಾತ್ರ ಒಂದು ಬದಲು ಮಾಡಿದ್ದ. ಈಗ ಬಾಯಿಬಿಟ್ಟು, "ಗುಳಿಗಿ ತಗೊಂಡ್ಯಾ?" ಅಂತಲೇ ಕೇಳುತ್ತಿದ್ದ. ಮೊದಲ ಸಲ ಕೇಳಿದಾಗ ಸೋದರತ್ತಿ ಕಿವಿ ಮುಚ್ಚಿಕೊಂಡಳು.

ಒಂದು ಮಧ್ಯಾಹ್ನ ಸೋದರತ್ತಿಯೂ ನಾನೂ ಆ ಕೋಣೆಯಲ್ಲೇ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದೆವು. ಅಣ್ಣ ಬಾಗಿಲಲ್ಲಿ ಪೇಪರು ಹಿಡಿದು ಕೂತಿದ್ದ. ಮುದುಕಿಗೆ ದುಃಖ, ಅದು ಆಕೆಯ ಬಾಯಲ್ಲಿ ಬೇರೆ ರೀತಿ ಬರುತ್ತದೆ. "ಆ ನಳದ ಒಡಪಿನಂಥಾದ್ದು ಇನ್ನ ಈ ಮನ್ಯಾಗ ಕೇಳೂದಿಲ್ಲ ಬಿಡು" ಅಂದಳು. "ಅವೆಲ್ಲಾ ಗುಳಿಗಿ ಹತ್ತೂಕಿಂತ ಮೊದಲಿನವು. ಆಗ ಖರೇ ಶಾರದಾ ಇದ್ದಳು."

ನಾನು ತಲೆಯಾಡಿಸಿಬಿಟ್ಟೆ. ಎಲ್ಲರೂ ಹಾಗೇ ಅನ್ನುತ್ತಿದ್ದರು, ವೈನಿ ತಾನೂ ಹಾಗೇ ಅನ್ನುತ್ತಿದ್ದಳು. ತಲೆಯಾಡಿಸುತ್ತಿರುವಾಗಲೇ ಕೈಯಲ್ಲಿನ ಹತ್ತಿ ನಿಂತಿತು. ವಾಸ್ತುಶಾಂತಿಯ ದಿನ. ಹಸಿರು ಇಳಕಲ್ಲ ಸೀರೆ ಉಟ್ಟು, ತಲೆಯಲ್ಲಿ ಮಲ್ಲಿಗೆ ಮುಡಿದು, ಬಿಸಿಲಿನಲ್ಲಿ ಮೂಲೆಯ ಮೆಡಿಕಲ್ಲಿಗೆ ಓಡಿದವಳು ನಾನು. ಅಣ್ಣ ಹೋಮದ ಮುಂದಿನಿಂದ ಏಳುವ ಹಾಗಿರಲಿಲ್ಲ, ಸಾಮಾನು ಸಾಗಿಸುವ ಗದ್ದಲದಲ್ಲಿ ವೈನಿಯ ಗುಳಿಗೆ ಎಲ್ಲೋ ಹೋಗಿದ್ದವು. ಇಷ್ಟು ಶೃಂಗಾರ ಮಾಡಿಕೊಂಡು ಔಷಧಕ್ಕೆ ಬಂದಿರಲ್ಲ ಅಂತ ಅಂಗಡಿಯವ ನಕ್ಕಿದ್ದ. ನಾನು ತಂದು ಆಕೆಯ ಕೈಯಲ್ಲಿ ಇಟ್ಟಿದ್ದೆ. ನಳದ ಒಡಪು ಹೇಳಿದ್ದು ಆ ಸಂಜೆ.

ಅದನ್ನು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಅಣ್ಣ ಪೇಪರು ಕೆಳಗಿಟ್ಟ.

"ಹೌದಲ್ಲ" ಅಂದ. "ಈ ಮನಿ ತಗೊಂಡಿದ್ದ ದವಾಖಾನಿ ಹತ್ರ ಆಗ್ತದಂತ. ಆಕಿಗೆ ಗುಳಿಗಿ ಹತ್ತಿ ಆಗ ಎರಡು ವರ್ಷ ಆಗಿತ್ತು."

ಇದು ಬಚ್ಚಿಟ್ಟ ವಿಷಯವಲ್ಲ. ಈ ಮನೆ ಯಾಕೆ ಕೊಂಡೆವು ಅಂತ ಅಣ್ಣನಿಗೆ ಗೊತ್ತು, ಗುಳಿಗೆ ತಂದವಳು ನಾನು, ಆ ಒಡಪನ್ನು ಪುಣೆಗೆಲ್ಲ ಹಂಚಿದವಳು ಸೋದರತ್ತಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು ಇತ್ತು. ಯಾರೂ ಕೂಡಿಸಿ ನೋಡಿರಲಿಲ್ಲ. ಆಡಬಾರದ ಶಬ್ದವನ್ನು ನೆನಪಿನಿಂದಲೂ ತೆಗೆದಿದ್ದೆವು; ಒಡಪು ಉಳಿಯಿತು, ಅದರ ಪಕ್ಕದಲ್ಲಿ ಇದ್ದ ಗುಳಿಗೆ ಹೋಯಿತು. ಆ ಒಂದು ತಪ್ಪು ಲೆಕ್ಕದ ಮೇಲೆ ಈಕೆ ತನ್ನ ಜೀವವನ್ನು ಪಣಕ್ಕೆ ಇಟ್ಟಿದ್ದಳು.

ಮಂಚ ಕಿರ್ರೆಂದಿತು. ವೈನಿ ಈ ಕಡೆ ಹೊರಳಿದ್ದಳು. ಎಷ್ಟೋ ದಿನದ ಮೇಲೆ ಆಕೆಯ ಮುಖ ನೋಡಿದ್ದು ನಾವು. ತುಟಿ ಒಣಗಿತ್ತು.

"ಹಂಗಾದ್ರ ಅದು ನಂದ ಏನ್ರೀ?" ಅಂತ ಅಣ್ಣನನ್ನು ಕೇಳಿದಳು.

ಉತ್ತರ ಕೊಟ್ಟವಳು ಸೋದರತ್ತಿ, ಹತ್ತಿಯ ಉಂಡೆಯನ್ನು ಮಡಿಲಲ್ಲಿ ಹಿಡಿದುಕೊಂಡು. "ನಿಂದಲ್ಲದ ಯಾರದವ್ವಾ" ಅಂದಳು. ಅಂದವಳು ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಅಲ್ಲಿಂದ ಎಲ್ಲ ಸರಿಹೋಯಿತು ಅಂದರೆ ಕಥೆ ಚಂದವಾದೀತು, ಆದರೆ ಆಗಲಿಲ್ಲ. ಇಳಿತ ತನ್ನ ಸಮಯ ತಗೊಂಡಿತು. ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿದರು, ಒಂದು ಸಲ ಹೊಂದಲಿಲ್ಲ, ಮತ್ತೆ ಬದಲಿಸಿದರು. ಗುಳಿಗೆಯಿಂದ ಕೈ ಸಣ್ಣಗೆ ನಡುಗಿ, ಚಹಾದ ಕಪ್ಪು ಬಸಿಯ ಮೇಲೆ ಸದ್ದು ಮಾಡುತ್ತಿತ್ತು. ಒಂದು ದಿನ ನಾನು ಹೋದಾಗ ವೈನಿ ನೆಲದ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಪಾಕೀಟಿನ ಬೇಳೆಯಲ್ಲಿ ಈಗ ಕಲ್ಲು ಎಲ್ಲಿರುತ್ತವೆ ಅಂತ ಚೇಷ್ಟೆ ಮಾಡಿದೆ. ಇರುತ್ತವೆ, ಅವಸರದವರಿಗೆ ಕಾಣುವುದಿಲ್ಲ ಅಂದಳು. ಸ್ವಲ್ಪ ಹೊತ್ತಿಗೆ ತಾನೇ ಮಾತು ತೆಗೆದಳು. ಆ ಗದ್ದಲದ ದಿನಗಳಲ್ಲಿ ಕಟ್ಟಿದ್ದರಲ್ಲಿ ಒಂದಾದರೂ ನೆನಪಿದೆಯಾ ಅಂತ ನನ್ನನ್ನು ಕೇಳಿದಳು. ನನಗೆ ಒಂದೂ ನೆನಪಾಗಲಿಲ್ಲ. "ನನಗೂ ಇಲ್ಲ. ಸುರುವೂದು ಬ್ಯಾರೆ, ಆರಸೂದು ಬ್ಯಾರೆ. ಆಗ ನಾ ಆರಿಸಲಿಲ್ಲವ್ವಾ" ಅಂದು ಮೊರ ಕೇರಿದಳು. ಆದರೆ ಹೊಸದೊಂದು ಬಂದೀತೇ ಅನ್ನುವ ಮಾತು ಆಕೆ ಎತ್ತಲಿಲ್ಲ. ಆ ಪ್ರಶ್ನೆ ಮೊರದ ಅಂಚಿನಲ್ಲಿ ಕೂತೇ ಇತ್ತು.

ಮುಂದಿನ ವರ್ಷ ಅಣ್ಣನ ಮಗಳಿಗೆ ಏಳು ತಿಂಗಳಾದಾಗ ಕುಬಸ ಮಾಡಿದೆವು, ಅದೇ ಕೋಥರೂಡದ ಹಾಲಿನಲ್ಲಿ. ಶಿರೂರಿನಿಂದ ಬೀಗರು ಬಂದರು, ಮಾವಶಿಯೂ ಬಂದಳು. ಹುಡುಗಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡಿದೆವು. ಹೆಸರು ಹೇಳುವ ಹೊತ್ತಾದಾಗ ಯಾರೂ ಯಾರನ್ನೂ ನೂಕಲಿಲ್ಲ. ಮಾವಶಿ ಒಂದು ಹೇಳಿದಳು, ಯಾರ ಮಂಡಿಯನ್ನೂ ತಟ್ಟಲಿಲ್ಲ. ಅಣ್ಣ ಊಟಕ್ಕೆ ಎಲೆ ಹಾಕಿಸುತ್ತೇನೆ ಅಂತ ಏಳಲು ಹೋದ.

"ಕೂಡ್ರಿ" ಅಂದಳು ವೈನಿ.

ಆಕೆ ಆರತಿಯ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸೋದರತ್ತಿ ನನ್ನ ಕೈ ಹಿಡಿದುಕೊಂಡಳು. ಆಮೇಲೆ ವೈನಿ ಮೆಲ್ಲಗೆ, ಒಂದೊಂದು ಶಬ್ದ ಇಟ್ಟು ಹೇಳಿದಳು:

ಮಾತು ಹೋಗಿತ್ತು ತವರಿಗೆ, ಹೊಳಿ ದಾಟಿ ದೂರಕ,
ಕರಕೊಂಡು ಬಂದ್ರು ನಮ್ಮವರು, ಕೈ ಹಿಡದು ಹಗೂರಕ.

ನಮ್ಮವರು ಅಂತ ನಾನು ಬರೆದ ಜಾಗದಲ್ಲಿ ಅಣ್ಣನ ಹೆಸರು ಇತ್ತು. ಹೆಸರು ಹೇಳಿ, ಸಾಲು ಮುಗಿಸಿ, ನಿಂತಳು.

ಆಮೇಲೆ ಊಟಕ್ಕೆ ಕೂತೆವು. ಊಟ ಮುಗಿದ ಮೇಲೆ ವೈನಿ ಎಲ್ಲರೆದುರೇ ಡಬ್ಬಿಯಿಂದ ಗುಳಿಗೆ ತೆಗೆದಳು. ಹೊಸ ವೇಳೆಯ ಪ್ರಕಾರ ಈಗ ಮಧ್ಯಾಹ್ನವೂ ಒಂದು ಇತ್ತು. ಮಾವಶಿ ನೀರಿನ ತಂಬಿಗೆ ಮುಂದೆ ಮಾಡಿದಳು. ವೈನಿ ಗುಳಿಗೆ ನುಂಗಿ, ನೀರು ಕುಡಿದು, ತಂಬಿಗೆ ತಿರುಗಿ ಕೊಟ್ಟಳು.